ಸೇನಾ ಪರೀಕ್ಷೆಯ ಹಳೆ ಪಿಸ್ತೂಲುಗಳು: ಕರಾವಳಿಯ ಸಂಗ್ರಾಹಕರು ಯಾವ ದಾರಿ ಹಿಡಿಯಬೇಕು?

ಹಳೆಯ ಆಯುಧಗಳ ಆಸಕ್ತಿ ಹತ್ತಿದವರಲ್ಲಿ ಹಲವರು ಕೊನೆಗೆ ಬಂದು ನಿಲ್ಲುವುದು ಸೇನಾ ಪರೀಕ್ಷೆಯ ಪಿಸ್ತೂಲುಗಳ ಮುಂದೆ. ಒಂದು ದೇಶದ ಸೇನೆ ಹೊಸ ಪಿಸ್ತೂಲು ಬೇಕೆಂದು ಹೇಳಿದಾಗ ಕಂಪನಿಗಳು ಎರಡೋ ಮೂರೋ, ಹೆಚ್ಚೆಂದರೆ ಕೆಲವು ನೂರು ಪಿಸ್ತೂಲು ಮಾಡಿ ಕಳಿಸುತ್ತಿದ್ದವು. ಸೇನೆಯವರು ಅದಕ್ಕೆ ಧೂಳು ತುಂಬಿಸಿ, ಬೇಕೆಂದೇ ತುಕ್ಕು ಹಿಡಿಸಿ, ಸಾವಿರಾರು ಗುಂಡು ಹಾರಿಸಿ ನೋಡಿ, ಒಂದನ್ನು ಆರಿಸಿ ಉಳಿದದ್ದನ್ನು ಬದಿಗಿಡುತ್ತಿದ್ದರು. ಹಾಗೆ ಬದಿಗಿಟ್ಟವು ಇಂದು ಸಂಗ್ರಾಹಕರ ಕಣ್ಣಿಗೆ ಬಂಗಾರ.

ಮಂಗಳೂರು, ಉಡುಪಿ, ಕುಂದಾಪುರ, ಪುತ್ತೂರು ಕಡೆಯ ಓದುಗರು ಕೇಳುತ್ತಿರುವ ಪ್ರಶ್ನೆ ಸರಳವಾದದ್ದೇ. ಈ ಬಗೆಯ ಸಂಗ್ರಹ ಮಾಡಬೇಕೆಂದುಂಟು, ಆದರೆ ಎಲ್ಲಿಂದ ಶುರುಮಾಡುವುದು? ಅಸಲಿ ಪಿಸ್ತೂಲಿನ ಬೆನ್ನು ಹತ್ತುವುದೋ, ಲೈಸೆನ್ಸಿನ ಮೇಲೆ ಅದರ ಹತ್ತಿರದ ಸಂಬಂಧಿಯನ್ನು ಕೊಳ್ಳುವುದೋ, ಅಟ್ಟದಲ್ಲಿರುವ ಅಜ್ಜನ ಕಾಲದ ಕೇಪಿನ ಕೋವಿಯಿಂದ (ಸಣ್ಣ ಕೇಪು ಸಿಡಿಸಿ ಮದ್ದಿಗೆ ಕಿಡಿ ಕೊಡುವ ಹಳೆ ಬಂದೂಕು) ತೊಡಗುವುದೋ, ಪ್ರತಿಕೃತಿ ಸಾಕೋ, ಅಥವಾ ಕಾಗದಪತ್ರ, ಚರ್ಮದ ಚೀಲ, ಫೋಟೋ ಇಷ್ಟರಲ್ಲೇ ನಿಲ್ಲುವುದೋ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಪರೀಕ್ಷೆಯ ಪಿಸ್ತೂಲಿನ ಬೆಲೆ ಇರುವುದು ಕಬ್ಬಿಣದಲ್ಲಿ ಅಲ್ಲ, ಅದು ಇಂಥ ಪರೀಕ್ಷೆಗೆ ಇಂಥ ವರ್ಷ ಹೋಗಿತ್ತು ಎಂಬ ಪುರಾವೆಯಲ್ಲಿ. ಆ ಪುರಾವೆ ಓದಲು ಕಲಿಯದೆ ಹಣ ಬಿಚ್ಚಬೇಡಿ. ಹಾಗೆಂದು ಎಲ್ಲರಿಗೂ ಒಂದೇ ಉತ್ತರ ಹೊಂದುವುದಿಲ್ಲ. ಆದ್ದರಿಂದ ಮೊದಲು ಯಾವ ಅಳತೆಗಳಿಂದ ತೂಗಬೇಕು ಎಂಬುದನ್ನು ನೋಡೋಣ.

ತೂಗಬೇಕಾದ ಸಂಗತಿಗಳು

ಮೊದಲನೆಯದು ಕಾನೂನು. ಇದರಲ್ಲಿ ರಿಯಾಯಿತಿ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಗುಂಡು ಹಾರಿಸಬಲ್ಲ ಯಾವ ಪಿಸ್ತೂಲಿಗೂ ಲೈಸೆನ್ಸ್ ಬೇಕು, ಅದು ನೂರು ವರ್ಷ ಹಳೆಯದಾದರೂ ಬೇಕು. 2019ರ ತಿದ್ದುಪಡಿಯ ಬಳಿಕ ಒಬ್ಬರ ಹೆಸರಲ್ಲಿ ಪಿಸ್ತೂಲೂ ಸೇರಿ ಎರಡೇ ಕೋವಿ ಇರಬಹುದು. ಮೊದಲು ಮೂರು ಇಡಬಹುದಿತ್ತು. ಪಿತ್ರಾರ್ಜಿತವಾಗಿ ಬಂದದ್ದೂ ಈ ಎರಡರ ಲೆಕ್ಕದೊಳಗೇ ಬರುತ್ತದೆ. ನಮ್ಮ ಕಡೆಯ ಕೃಷಿಕರಿಗೆ ಇದು ದೊಡ್ಡ ಸಂಗತಿ. ತೋಟಕ್ಕೆ ನುಗ್ಗುವ ಹಂದಿ, ಮಂಗಗಳ ಕಾಟಕ್ಕೆಂದು ಬೆಳೆ ರಕ್ಷಣೆಯ ಲೈಸೆನ್ಸಿನಲ್ಲಿ ಒಂದು ಜೋಡುನಳಿಗೆ ಕೋವಿ ಮನೆಯಲ್ಲಿದ್ದರೆ, ನಿಮಗೆ ಉಳಿದಿರುವ ಜಾಗ ಒಂದೇ. ಅದೂ ಬೆಳೆ ರಕ್ಷಣೆಯ ಹೆಸರಲ್ಲಿ ಪಿಸ್ತೂಲು ಕೇಳಲು ಬರುವುದಿಲ್ಲ, ಅದಕ್ಕೆ ಬೇರೆ ಕಾರಣ ತೋರಿಸಬೇಕು. ಸಂಗ್ರಹದ ಆಸೆ ಎಂದು ಅರ್ಜಿಯಲ್ಲಿ ಬರೆದರೆ ಲೈಸೆನ್ಸ್ ಕೈಗೆ ಬರುತ್ತದೆ ಎಂದು ನಂಬಿ ಕೂರಬೇಡಿ.

ಅದರ ಮೇಲೆ ಸಾಮಾನ್ಯರಿಗೆ ಸಿಗದ ನಿಷೇಧಿತ ಬೋರ್ ಎಂಬ ವರ್ಗ ಬೇರೆ ಉಂಟು. ಬೋರ್ ಎಂದರೆ ನಳಿಗೆಯ ಒಳಗಾತ್ರ; .455, .32 ಎಂಬವು ಅದನ್ನು ಇಂಚಿನಲ್ಲಿ ಹೇಳುವ ಲೆಕ್ಕ. ಸೇನೆಯ 9 ಮಿ.ಮೀ. ತೋಟಾ ಅಥವಾ .455 ತೋಟಾ ಹಾರಿಸಬಲ್ಲ ಪಿಸ್ತೂಲು, ರಿವಾಲ್ವರ್‌ಗಳು ಅದರಲ್ಲಿ ಬರುತ್ತವೆ. ಬ್ರಿಟಿಷ್ ಸೇನೆಯ ಪರೀಕ್ಷೆಗೆ ಹೋದ ಪಿಸ್ತೂಲುಗಳಲ್ಲಿ ಹೆಚ್ಚಿನವು .455 ಎಂಬುದನ್ನು ನೆನಪಿಡಿ.

ಕಾಯ್ದೆಯ 45ನೇ ಕಲಮಿನಲ್ಲಿ ಒಂದು ವಿನಾಯಿತಿ ಇದೆ. ಹಳೆ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧವು ರಿಪೇರಿ ಮಾಡಿದರೂ ಮಾಡದಿದ್ದರೂ ಕೋವಿಯಾಗಿ ಬಳಕೆಗೆ ಬಾರದಂತಿದ್ದರೆ ಕಾಯ್ದೆ ಅದಕ್ಕೆ ಅನ್ವಯಿಸುವುದಿಲ್ಲ. ಬಹಳ ಮಂದಿ ‘ಪುರಾತನ’ ಎಂಬಲ್ಲಿಗೆ ಓದಿ ನಿಲ್ಲಿಸುತ್ತಾರೆ. ಭಾರ ಇರುವುದು ‘ರಿಪೇರಿ ಮಾಡಿದರೂ’ ಎಂಬಲ್ಲಿ. ಸ್ಪ್ರಿಂಗ್ ಹೋಗಿದೆ, ಫೈರಿಂಗ್ ಪಿನ್ ಮುರಿದಿದೆ ಎಂದ ಮಾತ್ರಕ್ಕೆ ವಿನಾಯಿತಿ ಸಿಕ್ಕಿತು ಎಂದುಕೊಳ್ಳಬೇಡಿ. ಅದನ್ನು ಸರಿಮಾಡಲು ಸಾಧ್ಯ ಎಂದಾದರೆ ಅದು ಕೋವಿಯೇ. 2020ರಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ, ಅಪರೂಪದ ಹಳೆ ವಸ್ತು ಎಂಬ ವರ್ಗಕ್ಕೆ ಸೇರುವ ಸಣ್ಣ ಶಸ್ತ್ರಗಳನ್ನು ಇಟ್ಟುಕೊಳ್ಳಲು ಲೈಸೆನ್ಸ್ ಬೇಡ ಎಂದಿತು. ಆದರೆ ಅದನ್ನು ಬಳಸಲು, ಒಯ್ಯಲು, ಸಾಗಿಸಲು ಲೈಸೆನ್ಸ್ ಬೇಕೇ ಬೇಕು. ನಿಮ್ಮ ವಸ್ತು ಆ ವರ್ಗಕ್ಕೆ ಸೇರುತ್ತದೋ ಇಲ್ಲವೋ ಎಂದು ನಿರ್ಧರಿಸುವವರು ನೀವೂ ಅಲ್ಲ, ಮಾರುವವರೂ ಅಲ್ಲ. ಮಂಗಳೂರು ನಗರದವರು ಪೊಲೀಸ್ ಆಯುಕ್ತರ ಕಚೇರಿಯಲ್ಲಿ, ಉಳಿದ ತಾಲೂಕುಗಳವರು ಜಿಲ್ಲಾಧಿಕಾರಿ ಕಚೇರಿಯಲ್ಲಿ, ಉಡುಪಿಯವರಾದರೆ ಮಣಿಪಾಲದ ರಜತಾದ್ರಿಯಲ್ಲಿ ಲಿಖಿತವಾಗಿ ಕೇಳಿ ಲಿಖಿತವಾಗಿಯೇ ಉತ್ತರ ಪಡೆಯಿರಿ. ಬಾಯಿಮಾತಿನಲ್ಲಿ ‘ತೊಂದರೆ ಇಲ್ಲ’ ಎಂದು ಯಾರು ಹೇಳಿದರೂ ಅದು ನಾಳೆ ನಿಮ್ಮನ್ನು ಕಾಯುವುದಿಲ್ಲ.

ಎರಡನೆಯದು ಪುರಾವೆ: ಕ್ರಮಸಂಖ್ಯೆ, ಮುದ್ರೆ, ಪತ್ರ. ಮೂರನೆಯದು ಹವೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುತ್ತದೆ, ಅದರೊಟ್ಟಿಗೆ ಉಪ್ಪುಗಾಳಿ. ರಾಜಸ್ಥಾನದ ಕೋಟೆಯಲ್ಲಿ ನೂರು ವರ್ಷ ಸುಮ್ಮನೆ ಇದ್ದ ಉಕ್ಕು ಇಲ್ಲಿ ಒಂದು ಆಟಿ ತಿಂಗಳಲ್ಲಿ ಕೆಂಪಾದೀತು. ನಾಲ್ಕನೆಯದು ಹಣ. ಐದನೆಯದನ್ನು ಜನ ಮರೆಯುತ್ತಾರೆ: ನಿಮ್ಮ ನಂತರ ಅದು ಯಾರಿಗೆ ಹೋಗುತ್ತದೆ, ಅವರಿಗೆ ಅದು ಆಸ್ತಿಯಾಗುತ್ತದೋ ತಲೆನೋವಾಗುತ್ತದೋ?

ಅಸಲಿ ಪರೀಕ್ಷಾ ಪಿಸ್ತೂಲು

ಈ ಕ್ಷೇತ್ರದ ಶಿಖರ ಅಮೆರಿಕದ .45 ಪರೀಕ್ಷೆ. ಫಿಲಿಪ್ಪೀನ್ಸ್‌ನ ಹೋರಾಟದಲ್ಲಿ .38 ರಿವಾಲ್ವರ್ ಸಾಲದಾಯಿತು ಎಂಬ ದೂರಿನ ಮೇಲೆ 1904ರಲ್ಲಿ ಥಾಂಪ್ಸನ್ ಮತ್ತು ಲಗಾರ್ಡ್ ಎಂಬ ಇಬ್ಬರು ಅಧಿಕಾರಿಗಳು ಗುಂಡಿನ ಗಾತ್ರಗಳನ್ನು ಪರೀಕ್ಷಿಸಿ, ಇನ್ನು ಮುಂದೆ .45ಕ್ಕಿಂತ ಸಣ್ಣದು ಬೇಡ ಎಂದು ಶಿಫಾರಸು ಮಾಡಿದರು. 1907ರಲ್ಲಿ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದಲ್ಲಿ ಕೋಲ್ಟ್, ಸ್ಯಾವೇಜ್, ಲೂಗರ್, ಬರ್ಗ್‌ಮನ್, ನೋಬಲ್, ವೆಬ್ಲಿ-ಫಾಸ್ಬೆರಿ ಎಲ್ಲ ಬಂದು ನಿಂತವು. ಅವುಗಳಲ್ಲಿ ಕೋಲ್ಟ್ ಮತ್ತು ಸ್ಯಾವೇಜ್ ಮುಂದಿನ ಹಂತಕ್ಕೆ ಹೋದವು. ಸೈನಿಕರ ಕೈಯಲ್ಲೇ ಕೊಟ್ಟು ನೋಡಲೆಂದು ತಲಾ ಸುಮಾರು 200 ಪಿಸ್ತೂಲು ತರಿಸಲಾಯಿತು. 1911ರ ಮಾರ್ಚ್‌ನಲ್ಲಿ ಕೊನೆಯ ಪರೀಕ್ಷೆ: ಒಂದೊಂದರಿಂದ 6,000 ಸುತ್ತು. ಜಾನ್ ಬ್ರೌನಿಂಗ್ ವಿನ್ಯಾಸದ ಕೋಲ್ಟ್ ಒಮ್ಮೆಯೂ ಕೈಕೊಡಲಿಲ್ಲ. ಸ್ಯಾವೇಜ್ 37 ಬಾರಿ ಕೈಕೊಟ್ಟಿತು. ಅದೇ ತಿಂಗಳ 29ರಂದು ಕೋಲ್ಟ್ ಸೇನೆಯ ಪಿಸ್ತೂಲಾಯಿತು, 1911 ಎಂಬ ಹೆಸರು ಲೋಕಕ್ಕೆಲ್ಲ ಗೊತ್ತಾಯಿತು.

ಸೋತ ಸ್ಯಾವೇಜ್ ಇಂದು ಗೆದ್ದ 1911ಕ್ಕಿಂತ ಎಷ್ಟೋ ಅಪರೂಪ. ಲೂಗರ್‌ನ .45 ಇನ್ನೂ ಅಪರೂಪ. ಕೈಬೆರಳಲ್ಲಿ ಎಣಿಸುವಷ್ಟೇ ಮಾಡಿದ್ದು, ಅದರಲ್ಲಿ ಒಂದು 2010ರಲ್ಲಿ ಅಮೆರಿಕದ ಹರಾಜಿನಲ್ಲಿ 5 ಲಕ್ಷ ಡಾಲರ್ ಹತ್ತಿರ ಹೋಯಿತು. ಬ್ರಿಟನ್ನಿನ ಕಡೆಯಿಂದ ನೋಡಿದರೆ ಗ್ಯಾಬೆಟ್-ಫೇರ್‌ಫ್ಯಾಕ್ಸ್‌ನ ಮಾರ್ಸ್ ಪಿಸ್ತೂಲು. ಸುಮಾರು 80 ಮಾತ್ರ ತಯಾರಾದವು. ಆ ಕಾಲಕ್ಕೆ ಅದರಷ್ಟು ಜೋರಿನ ಪಿಸ್ತೂಲು ಬೇರೆ ಇರಲಿಲ್ಲ. ಆದರೆ ಹಿಂದೊದೆತ ವಿಪರೀತ, ಖಾಲಿ ತೋಟಾ ಹಾರಿಸಿದವನ ಮುಖಕ್ಕೇ ಬರುತ್ತಿತ್ತು. ಸೇನೆಯೂ ನೌಕಾಪಡೆಯೂ ಒಲ್ಲೆ ಎಂದವು, ಮಾಡಿದಾತ ದಿವಾಳಿಯಾದ. ನನಗೆ ವೈಯಕ್ತಿಕವಾಗಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಒಬ್ಬ ಮನುಷ್ಯನ ಹಟ ಉಕ್ಕಿನಲ್ಲಿ ಹೇಗೆ ಕಾಣುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನಾನು ಕಂಡಿಲ್ಲ.

ಈಗ ಅಳತೆಗೋಲು ಹಿಡಿಯೋಣ. ಕಾನೂನಿನ ದೃಷ್ಟಿಯಿಂದ ಭಾರತದಲ್ಲಿ ಕುಳಿತು ಇದನ್ನು ತರಿಸುವುದು ಹೆಚ್ಚುಕಡಿಮೆ ಆಗದ ಕೆಲಸ. ಸಾಮಾನ್ಯರು ಕೋವಿ ಆಮದು ಮಾಡುವುದು 1980ರ ದಶಕದಿಂದಲೇ ನಿಂತಿದೆ. ಆ ಮೊದಲೇ ದೇಶದೊಳಗೆ ಬಂದದ್ದು ಲೈಸೆನ್ಸ್‌ದಾರರ ಕೈಯಲ್ಲಿದ್ದರೆ ಮಾತ್ರ ದಾರಿ. ಹಾಗೆ ಸಿಕ್ಕಿತು ಎಂದಿಟ್ಟುಕೊಂಡರೂ, ನೂರು ವರ್ಷ ದಾಟಿದ ವಸ್ತುವಿಗೆ 1972ರ ಪುರಾತನ ವಸ್ತುಗಳ ಕಾಯ್ದೆಯೂ ತಗುಲಬಹುದು. ಪುರಾತನ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಒಯ್ಯುವಂತಿಲ್ಲ. ಅಂದರೆ ದೊಡ್ಡ ಬೆಲೆ ಕೊಡುವ ಮಾರುಕಟ್ಟೆ ಇರುವುದು ಅಮೆರಿಕ, ಯುರೋಪಿನಲ್ಲಿ, ಅಲ್ಲಿಗೆ ಕಳಿಸಲು ನಿಮಗೆ ಬಾಗಿಲು ಮುಚ್ಚಿದೆ. ಹೂಡಿಕೆ ಎಂದು ಯಾರಾದರೂ ಮನವೊಲಿಸಲು ಬಂದರೆ ಇದೊಂದನ್ನು ಕೇಳಿ ನೋಡಿ.

ಅಮೆರಿಕದಲ್ಲಿ ಮಗನೋ ತಮ್ಮನೋ ಇದ್ದಾನೆ, ಅವನ ಹೆಸರಲ್ಲಿ ಅಲ್ಲೇ ಕೊಂಡು ಇಟ್ಟರೆ ಹೇಗೆ ಎಂದು ಕೇಳುವವರುಂಟು. ಗ್ರೀನ್ ಕಾರ್ಡ್ ಇದ್ದರೆ ಆಗಬಹುದಾದ ಮಾತು. ಎಚ್-1ಬಿ ವೀಸಾದಲ್ಲಿದ್ದವರಿಗೆ ಅಲ್ಲಿನ ಕೇಂದ್ರ ಕಾನೂನು ಕೆಲವು ವಿನಾಯಿತಿ ಬಿಟ್ಟರೆ ಕೋವಿ ಇಟ್ಟುಕೊಳ್ಳಲು ಬಿಡುವುದಿಲ್ಲ. ಮಾಡಿದರೂ ಸಂಗ್ರಹ ಅಲ್ಲೇ ಉಳಿಯಬೇಕು, ಊರಿಗೆ ತರುವ ಆಸೆ ಬಿಡಬೇಕು. ಗಲ್ಫಿನಿಂದ ಬರುವ ಭಾವನ ಬ್ಯಾಗಿನಲ್ಲಿ ಹಾಕಿ ತರುವ ಮಾತನ್ನಂತೂ ಯಾರೂ ಆಡಬೇಡಿ. ಬಜ್ಪೆ ವಿಮಾನ ನಿಲ್ದಾಣದ ಸ್ಕ್ಯಾನರ್ ಮುಂದೆ ಒಂದು ಜೀವಂತ ತೋಟಾ ಸಿಕ್ಕಿದರೂ ಕೇಸು ಗ್ಯಾರಂಟಿ.

ಹಾಗಾದರೆ ಈ ದಾರಿ ಯಾರಿಗೆ? ವಿದೇಶದಲ್ಲಿ ನೆಲೆ ನಿಂತವರಿಗೆ, ಕೈತುಂಬ ಹಣ ಇದ್ದವರಿಗೆ, ಅದಕ್ಕಿಂತ ಹೆಚ್ಚಾಗಿ ತಾಳ್ಮೆ ಇದ್ದವರಿಗೆ. ಇಲ್ಲಿ ಕುಳಿತವರಿಗೆ ನಾನು ಇದನ್ನು ಸೂಚಿಸುವುದಿಲ್ಲ.

ಪರೀಕ್ಷಾ ಪಿಸ್ತೂಲಿನ ತಮ್ಮಂದಿರು

ಇದನ್ನೇ ನಾನು ಹೆಚ್ಚು ವಿಸ್ತಾರವಾಗಿ ಹೇಳಬೇಕೆಂದಿರುವುದು. ಸೇನೆಗೆಂದು ದೊಡ್ಡ ಗಾತ್ರದ ಪಿಸ್ತೂಲು ಮಾಡಿದ ಕಂಪನಿಗಳು ಅದೇ ವಿನ್ಯಾಸದಲ್ಲಿ, ಅದೇ ಎಂಜಿನಿಯರರ ಕೈಯಲ್ಲಿ, ಸಾಮಾನ್ಯ ಗಿರಾಕಿಗೆಂದು .32ರ ಸಣ್ಣ ಪಿಸ್ತೂಲುಗಳನ್ನೂ ಮಾಡಿದವು. ಬ್ರಿಟಿಷರ ಕಾಲದಲ್ಲಿ ಇವು ಭಾರತಕ್ಕೆ ಬಂದವು. ಪ್ಲಾಂಟರ್‌ಗಳು, ಅಧಿಕಾರಿಗಳು, ಜಮೀನ್ದಾರರು ಕೊಂಡರು, ಲೈಸೆನ್ಸಿನ ಮೇಲೆ ಕೈಯಿಂದ ಕೈಗೆ ಬಂದವು. .32 ನಿಷೇಧಿತ ಬೋರ್ ಅಲ್ಲ. ಪಿಸ್ತೂಲಿನ ಲೈಸೆನ್ಸ್ ಇದ್ದವರು ಲೈಸೆನ್ಸ್ ಪಡೆದ ಕೋವಿ ಅಂಗಡಿಯ ಮೂಲಕ ಕ್ರಮಬದ್ಧವಾಗಿ ಇವನ್ನು ಕೊಳ್ಳಬಹುದು.

ಆಯ್ಕೆಯಲ್ಲಿ ಮೂರು ಹೆಸರು ಮುಖ್ಯ. ಸ್ಯಾವೇಜ್ 1907ರ .32, ಎಲ್ಬರ್ಟ್ ಸರ್ಲ್ ವಿನ್ಯಾಸ, ಸೋತ .45ರ ಖಾಸಾ ತಮ್ಮ. ಕೋಲ್ಟ್ 1903ರ .32, ಬ್ರೌನಿಂಗ್‌ನದು, ಚಂದ್ರಶೇಖರ ಆಜಾದರ ಕೈಯಲ್ಲಿದ್ದದ್ದು ಇದೇ ಮಾದರಿ, ಈಗ ಅಲಹಾಬಾದ್ ಮ್ಯೂಸಿಯಂನಲ್ಲಿದೆ. ಮತ್ತೆ ವೆಬ್ಲಿ ಆ್ಯಂಡ್ ಸ್ಕಾಟ್ .32, ವಿಲಿಯಂ ವೈಟಿಂಗ್ ಮಾಡಿದ್ದು, 1911ರಲ್ಲಿ ಲಂಡನ್ ಪೊಲೀಸರು ಒಪ್ಪಿಕೊಂಡದ್ದು. ಇದೇ ವೈಟಿಂಗ್ ಬ್ರಿಟಿಷ್ ಸೇನೆಯ ಪರೀಕ್ಷೆಗೆಂದು .455ರ ದೊಡ್ಡ ಪಿಸ್ತೂಲನ್ನೂ ಕಟ್ಟಿದ್ದರು.

ಪರೀಕ್ಷೆಯ ಕಥೆಗೆ ಹತ್ತಿರ ಎಂಬ ಒಂದೇ ಅಳತೆಯಲ್ಲಿ ನೋಡಿದರೆ ಸ್ಯಾವೇಜ್‌ಗೆ ಸಾಟಿ ಇಲ್ಲ. ಹತ್ತು ತೋಟಾ ಹಿಡಿಯುವ ಜೋಡಿಸಾಲಿನ ಮ್ಯಾಗಜಿನ್ ಆ ಕಾಲಕ್ಕೆ ದೊಡ್ಡ ಸಂಗತಿ. ಇಡೀ ಪಿಸ್ತೂಲಿನಲ್ಲಿ ಒಂದೇ ಒಂದು ಸ್ಕ್ರೂ ಇಲ್ಲ. ಹಿಡಿಯ ಎರಡು ಬದಿಯ ಕಪ್ಪು ಗಟ್ಟಿ ರಬ್ಬರಿನ ಹಲಗೆಗಳೂ, ಅದರ ಮೇಲಿನ ಇಂಡಿಯನ್ ತಲೆಯ ಮುದ್ರೆಯೊಂದಿಗೆ, ಲೋಹದ ಅಂಚಿಗೆ ಬಾಗಿ ಕಚ್ಚಿಕೊಂಡಿರುತ್ತವೆ. ತೊಂದರೆ ಇರುವುದು ಇಲ್ಲೇ. ಸ್ಕ್ರೂ ಹುಡುಕಿ ಸಿಗದೆ, ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಎತ್ತಿದವರು ತುಂಬಾ ಮಂದಿ. ನೂರು ವರ್ಷದ ರಬ್ಬರು ಬಿಸ್ಕತ್ತಿನಂತೆ ಮುರಿಯುತ್ತದೆ. ಆಮೇಲೆ ಯಾರೋ ಬೀಟೆಯ ತುಂಡು ಕೆತ್ತಿ ಹಾಕುತ್ತಾರೆ. ನೋಡಲು ಚಂದವೇ, ಆದರೆ ಸಂಗ್ರಾಹಕನ ಲೆಕ್ಕದಲ್ಲಿ ಬೆಲೆಯ ದೊಡ್ಡ ಪಾಲು ಆ ಕ್ಷಣಕ್ಕೇ ಹೋಯಿತು. ಕೊಳ್ಳುವಾಗ ಮೊದಲು ಕಣ್ಣು ಹಾಕಬೇಕಾದ್ದು ಆ ಹಲಗೆಗಳ ಅಂಚಿಗೆ. ಮೂಲೆಯಲ್ಲಿ ಸೀಳು, ಅಂಟು ಹಚ್ಚಿದ ಗುರುತು, ಲೋಹದ ಮೇಲೆ ಗೀರು ಕಂಡರೆ ಚೌಕಾಸಿ ಅಲ್ಲಿಂದ ಶುರುವಾಗಲಿ.

ವೆಬ್ಲಿಯ ಗುಣ ಬೇರೆ. ರೂಪದಲ್ಲಿ ಒರಟು, ಆದರೆ ಗಟ್ಟಿಮುಟ್ಟು. ಈ ಮೂರರಲ್ಲಿ ನಮ್ಮ ದೇಶದಲ್ಲಿ ಕಾಣಸಿಗುವ ಸಾಧ್ಯತೆ ಹೆಚ್ಚು ಇರುವುದೂ ಇದಕ್ಕೇ. ಕೋಲ್ಟ್ ಕೈಯಲ್ಲಿ ಹಿಡಿದರೆ ನಯ, ನೋಡಲು ಮೂರರಲ್ಲಿ ಚೆಲುವು ಇದರದ್ದೇ. ಹಾಗಾಗಿ ಬೆಲೆಯೂ ಏರು. ಆಮದು ನಿಂತ ಮೇಲೆ ಇಂಥವುಗಳ ಬೆಲೆ ವಸ್ತುವಿನ ಯೋಗ್ಯತೆಯನ್ನು ಮೀರಿ ಲಕ್ಷಗಳಲ್ಲಿ ಓಡುತ್ತಿದೆ. ವಿದೇಶದಲ್ಲಿ ಅದರ ಕಾಲುಭಾಗಕ್ಕೂ ಸಿಗುವ ಪಿಸ್ತೂಲಿಗೆ ಇಲ್ಲಿ ಇಷ್ಟೇಕೆ ಕೊಡಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಒಂದೇ: ಇಲ್ಲಿ ಇರುವುದು ಇಷ್ಟೇ.

ಮೌಸರ್ ಸಿ96ರ ಬಗ್ಗೆಯೂ ಕೇಳುತ್ತಾರೆ. ಅದೂ ಸ್ವಿಸ್ ಪರೀಕ್ಷೆಗೆ ಹೋಗಿ ಸೋತದ್ದು. ಸ್ವಿಸ್ ಸೇನೆ 1900ರಲ್ಲಿ ಲೂಗರ್ ಒಪ್ಪಿಕೊಂಡಿತು. ನಮಗೆ ಅದರ ನೆನಪು ಬೇರೆ ಕಾರಣಕ್ಕೆ: 1914ರ ಆಗಸ್ಟ್‌ನಲ್ಲಿ ಕಲ್ಕತ್ತೆಯ ರೋಡ್ಡಾ ಕಂಪನಿಯ ಸರಕಿನಿಂದ ಬಂಗಾಳದ ಕ್ರಾಂತಿಕಾರಿಗಳು ಲಪಟಾಯಿಸಿದ್ದು 50 ಮೌಸರ್ ಪಿಸ್ತೂಲು ಮತ್ತು 46,000 ತೋಟಾ. ಯಾರಾದರೂ ಒಂದು ಮೌಸರ್ ತೋರಿಸಿ ‘ಇದು ಆ ಐವತ್ತರಲ್ಲಿ ಒಂದು’ ಎಂದರೆ ನಂಬರ್ ಕೇಳಿ, ಆ ನಂಬರಿಗೆ ದಾಖಲೆ ಕೇಳಿ. ಮೌಸರ್ ಲಕ್ಷಗಟ್ಟಲೆ ತಯಾರಾದ ಪಿಸ್ತೂಲು. ಅಪರೂಪ ಎಂದು ಕೊಳ್ಳುವುದಾದರೆ ಇದು ಅಲ್ಲ. ಇತಿಹಾಸಕ್ಕಾಗಿ ಎಂದಾದರೆ ಸರಿ.

ಈ ದಾರಿಯ ದೊಡ್ಡ ಅನುಕೂಲ ಐದನೆಯ ಅಳತೆಯಲ್ಲಿ ಕಾಣುತ್ತದೆ. ಲೈಸೆನ್ಸಿನ ಮೇಲಿರುವ ಕೋವಿಯನ್ನು ವಾರಸುದಾರರಿಗೆ ಕೊಡಲು 2016ರ ಶಸ್ತ್ರಾಸ್ತ್ರ ನಿಯಮದಲ್ಲೇ ದಾರಿ ಉಂಟು. ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದರೆ ಅಥವಾ ಅವರು ಆ ಕೋವಿಯನ್ನು 25 ವರ್ಷ ಇಟ್ಟುಕೊಂಡಿದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಮಾಡಿಸಲು ಅರ್ಜಿ ಕೊಡಬಹುದು. ಅನಾನುಕೂಲ ನಮ್ಮ ಜಿಲ್ಲೆಯ ಲೈಸೆನ್ಸ್‌ದಾರರಿಗೆಲ್ಲ ಗೊತ್ತಿರುವುದೇ: ಚುನಾವಣೆ ಬಂದಾಗ ಠಾಣೆಯಲ್ಲೋ ಕೋವಿ ಅಂಗಡಿಯಲ್ಲೋ ಠೇವಣಿ ಇಡಬೇಕು. ತೋಟದ ಕೋವಿಗೆ ಅದು ನಡೆದೀತು. ನೂರು ವರ್ಷದ ನೀಲಿ ಪಾಲಿಶಿನ ಪಿಸ್ತೂಲು ಇತರ ಕೋವಿಗಳ ರಾಶಿಯಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದರೆ ಹೊಟ್ಟೆ ಉರಿಯುತ್ತದೆ. ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ಸ್ಥಿತಿಯ ಫೋಟೋ ತೆಗೆದು, ರಶೀದಿಯಲ್ಲಿ ನಂಬರ್ ಸರಿಯಾಗಿ ಬರೆಸಿ ಕೊಡಿ.

ಕೇಪಿನ ಕೋವಿ, ಚಕಮಕಿಯ ಪಿಸ್ತೂಲು

ಊರಿನ ಹಳೆ ಮನೆಗಳಲ್ಲಿ ಮದ್ದು ತುಂಬುವ ಕೋವಿ, ಅಪರೂಪಕ್ಕೆ ಪಿಸ್ತೂಲು ಇರುವುದುಂಟು. ಸೇನಾ ಪರೀಕ್ಷೆಯ ಇತಿಹಾಸ ಅವಕ್ಕೂ ಉಂಟು. 1834ರಲ್ಲಿ ಬ್ರಿಟಿಷರು ವುಲಿಚ್‌ನಲ್ಲಿ ಚಕಮಕಿ ಕಲ್ಲಿನ ಬಂದೂಕು ಮತ್ತು ಕೇಪಿನ ಬಂದೂಕನ್ನು 6,000 ಸುತ್ತು ಹಾರಿಸಿ ಹೋಲಿಸಿದರು. ಚಕಮಕಿ 922 ಬಾರಿ ಕೈಕೊಟ್ಟಿತು, ಕೇಪು 36 ಬಾರಿ. ಆ ಲೆಕ್ಕವೇ ಚಕಮಕಿಯ ಕಾಲ ಮುಗಿಸಿತು. ಸೈನ್ಯದ ಕೈಗೆ ಕೇಪಿನ ಬಂದೂಕು ಬಂದದ್ದು 1830ರ ದಶಕದ ಕೊನೆಯಿಂದ 1840ರ ದಶಕದಲ್ಲಿ. ಆದ್ದರಿಂದ ಸುಳ್ಯ ಕಡೆಯ ಕೇಪಿನ ಕೋವಿಯೊಂದನ್ನು ತೋರಿಸಿ ‘ಇದು 1837ರ ಕಲ್ಯಾಣಪ್ಪನ ಕಾಟಕಾಯಿ ದಂಗೆಯಲ್ಲಿ ಬ್ರಿಟಿಷ್ ಸಿಪಾಯಿಯಿಂದ ಕಿತ್ತುಕೊಂಡದ್ದು’ ಎಂದು ಯಾರಾದರೂ ಹೇಳಿದರೆ ಗೌರವದಿಂದ ಕೇಳಿ, ಆದರೆ ಹಣ ಕೊಡುವ ಮುಂಚೆ ಬೀಗದ ಹಲಗೆಯನ್ನು (ಕಿಡಿ ಹೊತ್ತಿಸುವ ಯಂತ್ರ ಕೂರಿಸಿದ ಬದಿಯ ಲೋಹದ ತಗಡು) ಹತ್ತಿರದಿಂದ ನೋಡಿ. ಚಕಮಕಿಯಿಂದ ಕೇಪಿಗೆ ಆಮೇಲೆ ಬದಲಿಸಿದ್ದರೆ ಹಳೆಯ ತೂತು ಮುಚ್ಚಿದ ಗುರುತು ಇದ್ದೇ ಇರುತ್ತದೆ. ಅದೂ ಇಲ್ಲದಿದ್ದರೆ ಕಥೆ ಆಮೇಲೆ ಸೇರಿದ್ದು.

ಟಿಪ್ಪುವಿನ ಕಾಲದ್ದು ಎನ್ನುವ ವಸ್ತುಗಳಿಗೆ ಇದರ ಇಮ್ಮಡಿ ಎಚ್ಚರಿಕೆ ಬೇಕು. ಮಂಗಳೂರು ಕೋಟೆಯ ಮುತ್ತಿಗೆ, 1784ರ ಮಂಗಳೂರು ಒಪ್ಪಂದ, ಇವುಗಳಿಂದಾಗಿ ನಮ್ಮಲ್ಲಿ ಹೀಗೆ ಹೇಳುವವರು ಹೆಚ್ಚು. ಟಿಪ್ಪುವಿನ ಶಸ್ತ್ರಾಗಾರದ ಅಸಲಿ ಕೋವಿಗಳಲ್ಲಿ ಹುಲಿಪಟ್ಟೆಯ ಅಲಂಕಾರ, ಆತ ತಂದ ಹೊಸ ಲೆಕ್ಕದ ವರ್ಷ, ತಯಾರಾದ ಊರಿನ ಹೆಸರು ಕೆತ್ತಿರುತ್ತದೆ.

ಹಣದ ದೃಷ್ಟಿಯಿಂದ ಇದು ಸುಲಭ, ಕಾನೂನಿನಲ್ಲಿ ಅಲ್ಲ. ಮದ್ದು ತುಂಬುವ ಕೋವಿಯೂ ಹಾರುವಂತಿದ್ದರೆ ಕೋವಿಯೇ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿ ಘಟ್ಟದ ಕೆಳಗಿನ ನಮಗೆ ಬರುವುದಿಲ್ಲ. ಸಂಪಾಜೆಯ ಆಚೆಯವರನ್ನು ನೋಡಿ ನಾವೂ ಹಾಗೇ ಎಂದುಕೊಳ್ಳಬೇಡಿ.

ಪ್ರತಿಕೃತಿ

ಇದಕ್ಕೆ ಹೆಚ್ಚು ಮಾತು ಬೇಡ. ಗೋಡೆಗೆ ಅಲಂಕಾರ ಆಗುತ್ತದೆ, ಕಲಿಕೆ ಸ್ವಲ್ಪ ಆಗುತ್ತದೆ, ಮುಂದೆ ಮಾರಿದರೆ ಏನೂ ಹುಟ್ಟುವುದಿಲ್ಲ. ವಿದೇಶದಿಂದ ತರಿಸುವುದಾದರೆ ಕಸ್ಟಮ್ಸ್‌ನಲ್ಲಿ ಮೊದಲೇ ಲಿಖಿತವಾಗಿ ವಿಚಾರಿಸಿ, ನಿಜದ ಕೋವಿಯಂತೆ ಕಾಣುವ ವಸ್ತು ಅಲ್ಲಿ ತಡೆಹಿಡಿಯಲ್ಪಡುವುದು ಮಾಮೂಲು. ನನ್ನ ಆಯ್ಕೆಯಲ್ಲಿ ಇದು ಕೊನೆಯದು.

ಕಾಗದ, ಚರ್ಮ, ಫೋಟೋ

ಮಂಗಳೂರು, ಉಡುಪಿಯ ಹೆಚ್ಚಿನ ಆಸಕ್ತರಿಗೆ ನಾನು ಮನಸಾರೆ ಹೇಳುವ ದಾರಿ ಇದು. ಪರೀಕ್ಷೆಯ ವರದಿಗಳ ಮರುಮುದ್ರಣ, ಪೇಟೆಂಟಿನ ನಕ್ಷೆ, ಕಂಪನಿಗಳ ಹಳೆ ಕ್ಯಾಟಲಾಗು, ಕಲ್ಕತ್ತೆಯ ಕೋವಿ ಅಂಗಡಿಗಳ ಬೆಲೆಪಟ್ಟಿ, ಅಧಿಕಾರಿಗಳ ಫೋಟೋ, ಸೊಂಟಕ್ಕೆ ಕಟ್ಟುವ ಚರ್ಮದ ಹೋಲ್‌ಸ್ಟರ್, ಒರೆಸುವ ಸಲಾಕೆ. ಲೈಸೆನ್ಸ್ ಬೇಡ, ಠೇವಣಿ ಬೇಡ, ಮನೆಯವರಿಗೆ ಹೆದರಿಕೆ ಬೇಡ. ಸಾವಿರಗಳಲ್ಲಿ ಶುರುಮಾಡಬಹುದು.

ಒಂದು ಉದಾಹರಣೆ ತಕ್ಕೊಳ್ಳಿ, ವೆಬ್ಲಿ-ಫಾಸ್ಬೆರಿ. ರಿವಾಲ್ವರ್ ತಾನೇ ತಿರುಗಿ ಮುಂದಿನ ಗುಂಡಿಗೆ ಸಜ್ಜಾಗಬೇಕು ಎಂದು ಯೋಚಿಸಿದ ಜಾರ್ಜ್ ಫಾಸ್ಬೆರಿ ಭಾರತದಲ್ಲೇ ಸೇವೆ ಮಾಡಿದ ಅಧಿಕಾರಿ. 1863ರ ಅಂಬೇಲಾ ಕಾಳಗದಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದವರು. ಆ ರಿವಾಲ್ವರಿನ ಗುಂಡಿನ ಉರುಳೆಯ ಹೊರಮೈಯಲ್ಲಿ ಅಂಕುಡೊಂಕಾದ ಗೆರೆ ಕೊರೆದಿದೆ. ಗುಂಡು ಹಾರಿದೊಡನೆ ಮೇಲಿನ ಅರ್ಧ ಹಿಂದೆ ಸರಿಯುತ್ತದೆ, ಒಂದು ಸಣ್ಣ ಗೂಟ ಆ ಗೆರೆಯಲ್ಲಿ ಜಾರಿ ಉರುಳೆಯನ್ನು ಅರ್ಧ ತಿರುಗಿಸುತ್ತದೆ, ಮುಂದೆ ಬರುವಾಗ ಇನ್ನರ್ಧ. ಕೈಯನ್ನು ಗಟ್ಟಿಯಾಗಿ ಹಿಡಿಯದಿದ್ದರೆ ಅದು ಪೂರ್ತಿ ಸರಿಯುವುದಿಲ್ಲ. ಕೆಸರು ಹೊಕ್ಕರೆ ಗೆರೆ ಕಟ್ಟಿಕೊಳ್ಳುತ್ತದೆ. ಸೇನೆ ಬೇಡ ಎಂದದ್ದು ಏಕೆ ಎಂದು ಪೇಟೆಂಟಿನ ನಕ್ಷೆಯ ಮೇಲೆ ಬೆರಳಾಡಿಸಿದರೇ ಗೊತ್ತಾಗುತ್ತದೆ. .455 ಆದ್ದರಿಂದ ಆ ರಿವಾಲ್ವರ್ ನಮಗೆ ಸಿಗುವಂತಿಲ್ಲ. ಆದರೆ ಅದರ ಬುದ್ಧಿ ಪೂರ್ತಿಯಾಗಿ ಆ ನಕ್ಷೆಯಲ್ಲಿದೆ.

ಇಲ್ಲಿ ಶತ್ರು ಹವೆ. ಲೋಹಕ್ಕಿಂತ ಕಾಗದ, ಚರ್ಮಕ್ಕೆ ನಮ್ಮ ಮಳೆಗಾಲ ಹೆಚ್ಚು ಕೆಟ್ಟದು. ಜೂನ್‌ನಿಂದ ಸೆಪ್ಟೆಂಬರ್ ತನಕ ಕಬ್ಬಿಣದ ಕಪಾಟಿನಲ್ಲಿ ಸಿಲಿಕಾ ಜೆಲ್ ಇಡಿ, ಬಣ್ಣ ಬದಲಾದ ಕೂಡಲೇ ಒಣಗಿಸಿ ಮತ್ತೆ ಇಡಿ. ಸಾಧ್ಯವಾದರೆ ಒಂದು ಸಣ್ಣ ಡಿಹ್ಯುಮಿಡಿಫೈಯರ್. ಕಪಾಟನ್ನು ಹೊರಗೋಡೆಗೆ ತಾಗಿಸಬೇಡಿ. ಕಾಗದವನ್ನು ಆಮ್ಲರಹಿತ ಲಕೋಟೆಯಲ್ಲಿಡಿ, ಲ್ಯಾಮಿನೇಶನ್ ಮಾಡಿಸಬೇಡಿ. ಹೋಲ್‌ಸ್ಟರಿಗೆ ಬೂಸ್ಟು ಬಂದರೆ ಒಣಬಟ್ಟೆಯಿಂದ ಹೊರಗೆ ಒರೆಸಿ, ನೆರಳಿನಲ್ಲಿ ಗಾಳಿಗಿಡಿ. ಬಿಸಿಲಿಗೆ ಹಾಕಿದರೆ ಬಿರಿಯುತ್ತದೆ. ಇನ್ನೊಂದು ಮಾತು ಪಿಸ್ತೂಲು ಇದ್ದವರಿಗೂ ಸೇರಿಸಿ: ಚರ್ಮದ ಚೀಲದೊಳಗೆ ಪಿಸ್ತೂಲನ್ನು ಇಟ್ಟು ಮಳೆಗಾಲ ಕಳೆಯಬೇಡಿ. ಚರ್ಮ ತೇವ ಹೀರಿಕೊಂಡು ಲೋಹಕ್ಕೆ ಕೊಡುತ್ತದೆ, ಹದ ಮಾಡಿದ ರಾಸಾಯನಿಕವೂ ಸೇರಿ ಚೀಲದ ಹೊಲಿಗೆಯ ಗೆರೆ ಉಕ್ಕಿನ ಮೇಲೆ ತುಕ್ಕಾಗಿ ಅಚ್ಚಾಗುತ್ತದೆ. ಕೊಬ್ಬರಿ ಎಣ್ಣೆಯೂ ಬೇಡ. ಊರಿನ ಕತ್ತಿ, ಬೀಗ, ಬಾಗಿಲಿಗೆಲ್ಲ ಅದನ್ನೇ ಹಚ್ಚುವ ಅಭ್ಯಾಸ ನಮಗಿದೆ. ಹಳೆ ಪಿಸ್ತೂಲಿನ ಒಳಭಾಗಕ್ಕೆ ಹೋದರೆ ತಿಂಗಳುಗಳಲ್ಲಿ ಅಂಟಾಗಿ ಕೂರುತ್ತದೆ. ಒಳ್ಳೆಯ ಖನಿಜ ಎಣ್ಣೆ ತೆಳ್ಳಗೆ, ಮೇಲ್ಮೈಗೆ ಮ್ಯೂಸಿಯಂನವರು ಬಳಸುವ ಮೇಣ. ಹೊಳಪು ಬರಲೆಂದು ಹೊಸದಾಗಿ ನೀಲಿ ಪಾಲಿಶ್ ಹಾಕಿಸುವವರ ಕೈ ಹಿಡಿದು ತಡೆಯಬೇಕು ಅನಿಸುತ್ತದೆ. ಮುದ್ರೆಗಳ ಅಂಚು ಒಮ್ಮೆ ಸವೆದರೆ ಪುರಾವೆ ಹೋಯಿತು, ಅದನ್ನು ಮರಳಿ ತರಲಾಗದು.

ಯಾರಿಗೆ ಯಾವುದು

ಕಾಲೇಜಿನಲ್ಲಿರುವವರು, ಕೆಲಸಕ್ಕೆ ಸೇರಿ ಎರಡು ಮೂರು ವರ್ಷ ಆದವರು ಕಾಗದದಿಂದಲೇ ಆರಂಭಿಸಿ. ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರ ಈಗ ಮ್ಯೂಸಿಯಂ; ಅಲ್ಲಿನ ಪಿಸ್ತೂಲುಗಳ ಚಿತ್ರ, ನಂಬರ್, ವಿವರ ಅಂತರ್ಜಾಲದಲ್ಲಿ ಪುಕ್ಕಟೆ ನೋಡಲು ಸಿಗುತ್ತದೆ. ಕಣ್ಣಿಗೆ ಪಳಗಿಸಲು ಬಿಜೈಯ ಶ್ರೀಮಂತಿ ಬಾಯಿ ಮ್ಯೂಸಿಯಂ, ಬಿದನೂರು ನಗರದ ಬಾವಿಯಲ್ಲಿ 2018ರಲ್ಲಿ ಸಾವಿರ ಲೆಕ್ಕದಲ್ಲಿ ಸಿಕ್ಕ ರಾಕೆಟ್‌ಗಳಿರುವ ಶಿವಮೊಗ್ಗದ ಮ್ಯೂಸಿಯಂ, ಹೈದರಾಬಾದಿನ ಸಾಲಾರ್ ಜಂಗ್ ಇವೆಲ್ಲ ಹೋಗಿಬರುವ ದೂರದಲ್ಲಿವೆ. ಹಳೆ ಲೋಹ ಹೇಗೆ ಸವೆಯುತ್ತದೆ, ಹೇಗೆ ಸವೆಯುವುದಿಲ್ಲ ಎಂಬುದು ಗಾಜಿನ ಈಚೆ ನಿಂತು ನೋಡಿದರೂ ತಿಳಿಯುತ್ತದೆ.

ಪಿಸ್ತೂಲಿನ ಲೈಸೆನ್ಸ್ ಈಗಾಗಲೇ ಇದ್ದು, ಎರಡರಲ್ಲಿ ಒಂದು ಜಾಗ ಖಾಲಿ ಇದ್ದವರು ಸ್ಯಾವೇಜ್‌ಗೆ ಕಾಯಿರಿ. ಸಿಗದಿದ್ದರೆ ವೆಬ್ಲಿ ತಕ್ಕೊಳ್ಳಿ. ಕಾಯುವಷ್ಟು ದಿನ ಆ ಮಾದರಿಯ ಕ್ಯಾಟಲಾಗು, ಹೋಲ್‌ಸ್ಟರ್ ಹುಡುಕುತ್ತಿರಿ. ಆತ್ಮರಕ್ಷಣೆಗೂ ಆಗಲಿ, ಸಂಗ್ರಹಕ್ಕೂ ಆಗಲಿ ಎಂದು ಎರಡನ್ನೂ ಒಂದೇ ಹಳೆ ಪಿಸ್ತೂಲಿನಲ್ಲಿ ತೀರಿಸಲು ಹೋಗಬೇಡಿ. ನೂರು ವರ್ಷದ ಸ್ಪ್ರಿಂಗ್, ಪಿನ್ನುಗಳ ಮೇಲೆ ಪ್ರಾಣ ಒತ್ತೆ ಇಡುವುದು ತಪ್ಪು. ಹಾರಿಸಿ ಒಂದು ಭಾಗ ಮುರಿದರೆ ಸಂಗ್ರಹವೂ ಕೆಟ್ಟಿತು.

ವಿದೇಶದಲ್ಲಿ ನೆಲೆಸಿದವರು, ಅಲ್ಲಿನ ಕಾನೂನು ಬಿಟ್ಟರೆ, ಅಸಲಿಗೇ ಕೈ ಹಾಕಬಹುದು. ಸ್ಯಾವೇಜ್ .45 ಕೊಳ್ಳುವುದಾದರೆ ಒಂದು ಎಚ್ಚರಿಕೆ: ಪರೀಕ್ಷೆ ಮುಗಿದ ಮೇಲೆ ಅವುಗಳಲ್ಲಿ ಹಲವನ್ನು ಕಂಪನಿಯೇ ಮರಳಿ ಪಡೆದು, ಹೊಸ ಪಾಲಿಶ್ ಹಾಕಿ ಜನರಿಗೆ ಮಾರಿತು. ಹೊಳೆಯುವ ಮೈ ನೋಡಿ ಹೆಚ್ಚು ಕೊಡಬೇಡಿ. ಸವೆದಿದ್ದರೂ ಮೂಲ ಪಾಲಿಶ್ ಉಳಿಸಿಕೊಂಡದ್ದೇ ಮೇಲು.

ಉಳಿದವರು ಅಜ್ಜನ ಅಟ್ಟದಲ್ಲಿ ಕೋವಿಯೋ ಪಿಸ್ತೂಲೋ ಸಿಕ್ಕಿ, ಅದಕ್ಕೆ ಯಾವ ಕಾಗದವೂ ಇಲ್ಲದವರು. ನಿಮ್ಮ ಮುಂದೆ ಆಯ್ಕೆಗಿಂತ ಮೊದಲು ಒಂದು ಕೆಲಸ ಉಂಟು. ಅದನ್ನು ಮುಟ್ಟಿ ಆಡಬೇಡಿ, ಬೈಕಿನಲ್ಲಿಟ್ಟು ಯಾರಿಗೋ ತೋರಿಸಲು ಒಯ್ಯಬೇಡಿ. ವಕೀಲರೊಬ್ಬರ ಮೂಲಕ ಠಾಣೆಗೆ ಲಿಖಿತವಾಗಿ ತಿಳಿಸಿ, ಅವರು ಹೇಳಿದ ರೀತಿಯಲ್ಲೇ ಒಪ್ಪಿಸಿ. ಹಕ್ಕಿಲ್ಲದೆ ಕೈಯಲ್ಲುಳಿದ ಆಯುಧವನ್ನು ಠಾಣೆಯಲ್ಲಿ ಅಥವಾ ಲೈಸೆನ್ಸ್ ಪಡೆದ ಅಂಗಡಿಯಲ್ಲಿ ಠೇವಣಿ ಇಡಲು ಕಾಯ್ದೆಯ 21ನೇ ಕಲಮಿನಲ್ಲಿ ಅವಕಾಶವಿದೆ. ಅಜ್ಜನ ಹಳೆ ಲೈಸೆನ್ಸ್ ಪುಸ್ತಕ, ತೆರಿಗೆ ರಶೀದಿ, ಆ ಕೋವಿ ಹಿಡಿದು ನಿಂತ ಫೋಟೋ ಮನೆಯ ಟ್ರಂಕಿನಲ್ಲಿ ಇದ್ದರೆ ಹುಡುಕಿ ಇಡಿ. ವಾರಸುದಾರಿಕೆಯ ಅರ್ಜಿಗೆ ಅವು ಬೇಕು, ಮುಂದೆ ಆ ಕೋವಿಯ ಕಥೆ ಬರೆಯುವುದಾದರೂ ಮೊದಲು ಬೇಕಾಗುವುದು ಅವೇ.